ತದಿಗೆಯ ಮಧ್ಯಾಹ್ನ ಮಾವ ನಡೆದದ್ದು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರಾದರೂ ತಮಗಾದ ವಿಚಿತ್ರದ ಸುದ್ದಿ ಎತ್ತಿದರೆ ಸಾಕು, ‘ಎಷ್ಟು ಗಂಟೆಗೆ? ಯಾರು ನೋಡಿದರು? ಬರೆದಿಟ್ಟಿದ್ದೀರಾ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅದು ಉದ್ಯೋಗ ಕಲಿಸಿದ ಚಾಳಿ. ಕದ್ರಾದ ವಿದ್ಯುದಾಗಾರದಲ್ಲಿ ನಾನು ಆಪರೇಟರ್ ಆಗಿದ್ದೆ. ಗಂಟೆಗೊಮ್ಮೆ ಮೀಟರು ನೋಡುವುದು, ಲಾಗ್‌ಶೀಟಿನಲ್ಲಿ ಬರೆಯುವುದು, ಮತ್ತೆ ಮೀಟರು ನೋಡುವುದು. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ, ಬರೆಯದೇ ಇದ್ದದ್ದು ನಡೆದೇ ಇಲ್ಲ ಎನ್ನಿಸತೊಡಗುತ್ತದೆ. ಈಗ ನಾನೇ ಇಂಥದೊಂದನ್ನು ಹೇಳಲು ಕೂತಿದ್ದೇನೆ. ನಗುವುದಿದ್ದರೆ ನಗಿ, ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ನನ್ನ ಮಾವ, ಅಂದರೆ ಹೆಂಡತಿ ನಾಗವೇಣಿಯ ತಂದೆ ಹಮ್ಮಣ್ಣ, ಅಂಕೋಲೆ ಹತ್ತಿರದ ಬೊಬ್ರುವಾಡದವರು. ಅವರದು ಗಜನಿ ಗದ್ದೆ. ಸಮುದ್ರದ ಉಪ್ಪುನೀರು ಹಳ್ಳದೊಳಗೆ ಏರಿ ಬರುವ ತಗ್ಗಿನಲ್ಲಿ ಒಡ್ಡು ಕಟ್ಟಿ ಮಾಡಿದ ಗದ್ದೆಗೆ ನಮ್ಮ ಕಡೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಭತ್ತ, ಉಳಿದ ದಿನ ಮೀನು ಸೀಗಡಿ. ಒಡ್ಡಿನಲ್ಲಿ ಒಂದು ಕಿಂಡಿ, ಕಿಂಡಿಯ ಎರಡೂ ಬದಿ ಕೊರೆದ ಸಂದಿನಲ್ಲಿ ಒಂದರ ಮೇಲೊಂದು ಇಳಿಸುವ ಆರು ಹಲಗೆ. ಇದಕ್ಕೆ ಜಂತ್ರಡಿ ಎಂದು ಹೆಸರು. ಭತ್ತ ಇದ್ದಾಗ ಭರತ, ಊರವರ ಬಾಯಲ್ಲಿ ಬರ್ತಿ, ಬರುವ ಮೊದಲು ಹಲಗೆ ಹಾಕಿ ಉಪ್ಪುನೀರು ತಡೆಯಬೇಕು, ಇಳಿತದಲ್ಲಿ ಹಲಗೆ ತೆಗೆದು ಮಳೆನೀರು ಹೊರಗೆ ಬಿಡಬೇಕು. ಮೀನಿನ ದಿನಗಳಲ್ಲಿ ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಇಳಿಯುವಾಗ ಕಿಂಡಿಗೆ ಬಲೆ ಕಟ್ಟಬೇಕು. ಸಮುದ್ರ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ ಬರುತ್ತದೆ, ಹಾಗಾಗಿ ಜಂತ್ರಡಿ ಕಾಯುವವನಿಗೆ ನಿದ್ದೆ ಊಟಕ್ಕೆಲ್ಲ ನೆಟ್ಟಗಿನ ಹೊತ್ತು ಎಂಬುದೇ ಇಲ್ಲ. ಮಾವ ನಲವತ್ತು ವರ್ಷ ಈ ಕೆಲಸ ಮಾಡಿದವರು. ಕೈಗಡಿಯಾರ ಕಟ್ಟಿದವರಲ್ಲ. ಇವತ್ತು ತಿಥಿ ಯಾವುದೆಂದು ಹೇಳಿದರೆ ನೀರು ಎಷ್ಟು ಹೊತ್ತಿಗೆ ಏರುತ್ತದೆಂದು ಹೇಳುತ್ತಿದ್ದರು.

ಅವರ ಬಲಗೈ ನಡುಗಲು ಶುರುವಾದಾಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಸುಮ್ಮನೆ ಕೂತಿದ್ದಾಗ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕಿಕೊಳ್ಳುತ್ತಿದ್ದವು, ಎಲೆಗೆ ಸುಣ್ಣ ಹಚ್ಚಲು ಹೊರಟ ಹಾಗೆ. ಏನಾದರೂ ಹಿಡಿಯಹೋದರೆ ನಡುಕ ನಿಲ್ಲುತ್ತಿತ್ತು. ವಯಸ್ಸಾಯಿತು, ನರ ಸೋತಿದೆ ಎಂದುಕೊಂಡರು. ಆಮೇಲೆ ಮಾತು ಸಣ್ಣದಾಯಿತು, ನಡಿಗೆ ಮೋಟಾಯಿತು, ಮುಖದಲ್ಲಿ ನಗು ಸಿಟ್ಟು ಯಾವುದೂ ಮೂಡದಂತಾಯಿತು. ಅತ್ತೆ ನಾಗವೇಣಿಯ ಹತ್ತಿರ ದೂರು ಹೇಳಿದರು. “ನಾ ಎಂತ ಹೇಳಿರೂ ಮುಖ ಗಂಟು ಹಾಕ್ಕಂಡೇ ಇರ್ತ್ರೆ. ನಾ ಎಂತ ಅಪರಾಧ ಮಾಡಿದ್ನೆ ಇವ್ರಿಗೆ?” ಪಾಪ, ಇಬ್ಬರೂ ಒಂದು ವರ್ಷ ಹೀಗೆ ಕಳೆದರು. ಮಾವನಿಗೆ ಸಿಟ್ಟೇ ಇರಲಿಲ್ಲ. ಮುಖದ ನರಗಳು ಮಾತು ಕೇಳುತ್ತಿರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ಜಂತ್ರಡಿಯ ಕೆಳಗೆ ಬಲೆ ಬಿಚ್ಚಲು ಇಳಿದವರು ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದರು. ಕಾಲು ಕೆಸರಿನಲ್ಲಿ ಹೂತಿರಲಿಲ್ಲ, ತಾವಾಗಿಯೇ ನೆಲಕ್ಕೆ ಅಂಟಿಕೊಂಡಿದ್ದವು. ಬಿದ್ದ ಮೇಲೆ ಹೊರಳಿಕೊಳ್ಳಲೂ ಆಗಲಿಲ್ಲ. ಮಗ ಗಣಪು ಒಡ್ಡಿನ ಮೇಲಿಂದ ಅಕಸ್ಮಾತ್ ತಿರುಗಿ ನೋಡಿದ್ದರಿಂದ ಬದುಕಿದರು. ಬಾಯಿ ಮೂಗಿನ ತುಂಬ ಕೆಸರು. ಆ ಸುದ್ದಿ ಕೇಳಿದ ದಿನ ನಾಗವೇಣಿ ಅನ್ನ ಮುಟ್ಟಲಿಲ್ಲ. ಮರುದಿನವೇ ನಾವು ಅವರನ್ನು ಕಾರವಾರದ ಡಾಕ್ಟರರ ಹತ್ತಿರ ಕರೆದೊಯ್ದೆವು.

ಡಾಕ್ಟರರು ವಯಸ್ಸಾದವರು, ಮಾತು ಕಡಿಮೆ. ಮಾವನನ್ನು ಎಬ್ಬಿಸಿ ನಡೆಸಿದರು, ಬೆರಳು ತಟ್ಟಿಸಿದರು, ಮೊಣಕೈ ಮಡಿಸಿ ನೋಡಿದರು. ಮೂಗಿಗೆ ವಾಸನೆ ಹತ್ತುತ್ತದೆಯೇ ಎಂದು ಕೇಳಿದರು. ಮೀನಿನ ವಾಸನೆ ಹತ್ತದೆ ಎಷ್ಟೋ ವರ್ಷವಾಯಿತು ಎಂದು ಮಾವ ಹೇಳಿದಾಗ ಅತ್ತೆಗೇ ಆಶ್ಚರ್ಯ. ಇದು ಪಾರ್ಕಿನ್ಸನ್ ಕಾಯಿಲೆ ಎಂದರು ಡಾಕ್ಟರು. ಮಿದುಳಿನ ಒಂದು ಮೂಲೆಯಲ್ಲಿ ಡೋಪಮಿನ್ ಎಂಬ ದ್ರವ್ಯ ತಯಾರಿಸುವ ಜೀವಕೋಶಗಳು ನಿಧಾನಕ್ಕೆ ಸಾಯುತ್ತವೆ, ಅದು ಕಡಿಮೆಯಾದರೆ ‘ಏಳು, ನಡೆ’ ಎಂಬ ಮಾತು ಮನಸ್ಸಿನಿಂದ ಕಾಲಿಗೆ ಸಲೀಸಾಗಿ ಇಳಿಯುವುದಿಲ್ಲ. “ಗುಣ ಮಾಡೂಕೆ ಬರೂದಿಲ್ಲ. ಆದ್ರೆ ಒಳ್ಳೇ ಗುಳಿಗೆ ಅದೆ, ಬಹಳ ವರ್ಷ ಹಿಡಿದಿಡ್ಬಹುದು” ಎಂದರು. ದಿನಕ್ಕೆ ನಾಲ್ಕು ಗುಳಿಗೆ. ಜೊತೆಗೆ ಒಂದು ಕೆಲಸ ಹೇಳಿದರು: ದಿನದ ಯಾವ ಹೊತ್ತಿಗೆ ಮೈ ಸಡಿಲ, ಯಾವ ಹೊತ್ತಿಗೆ ಬಿಗಿ ಎಂದು ಒಂದು ತಿಂಗಳು ಬರೆದಿಟ್ಟು ತರಬೇಕು. ಅದನ್ನು ನೋಡಿ ಗುಳಿಗೆಯ ಹೊತ್ತು ಹೊಂದಿಸಬೇಕು.

ಬರೆದಿಡುವ ಕೆಲಸ ಎಂದ ಮೇಲೆ ನನಗೆ ಉತ್ಸಾಹ ಬಂತು. ನಮ್ಮ ಲಾಗ್‌ಶೀಟಿನ ಮಾದರಿಯಲ್ಲೇ ಮನೆ ಮನೆ ಎಳೆದು, ಒಂದು ಸಾಲಿಗೆ ಒಂದು ದಿನ, ಒಂದು ಮನೆಗೆ ಒಂದು ಗಂಟೆ ಮಾಡಿ ಗಣಪುವಿಗೆ ಕೊಟ್ಟೆ. ಬಿಗಿಯಾದ ಗಂಟೆಗೆ ಪೆನ್ಸಿಲಿನಿಂದ ಕಪ್ಪು ತುಂಬುವುದು, ಸಡಿಲವಾದದ್ದಕ್ಕೆ ಖಾಲಿ. ಅದು ಏಪ್ರಿಲ್ ತಿಂಗಳು. ತಿಂಗಳ ಕೊನೆಗೆ ಬೊಬ್ರುವಾಡಕ್ಕೆ ಹೋಗಿ ಹಾಳೆ ಬಿಡಿಸಿದೆ. ಗುಳಿಗೆ ದಿನವೂ ಒಂದೇ ಹೊತ್ತಿಗೆ, ಆದ್ದರಿಂದ ಕಪ್ಪು ಮನೆಗಳು ಒಂದರ ಕೆಳಗೊಂದು ನೆಟ್ಟಗೆ ನಿಲ್ಲಬೇಕಿತ್ತು. ಹಾಗಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಇದ್ದ ಕಪ್ಪು ಮರುದಿನ ಹತ್ತರ ಹತ್ತಿರ, ಅದರ ಮರುದಿನ ಹನ್ನೊಂದರ ಈಚೆ, ಹೀಗೆ ಇಡೀ ಹಾಳೆಯ ಮೇಲೆ ಓರೆಯಾಗಿ ಮೆಟ್ಟಿಲಿಳಿದಿತ್ತು. ಗಣಪು ಕೂತಲ್ಲೇ ಸುಳ್ಳು ತುಂಬಿದ್ದಾನೆ ಎಂದು ನನಗೆ ಸಿಟ್ಟೇ ಬಂತು. ಅವನು ಹಾಳೆ ಇಸಿದುಕೊಂಡು ನೋಡಿದ. ನೋಡಿದವನೇ, “ಭಾವ, ಇದು ಬರ್ತಿ ಲೆಕ್ಕ ಅಲ್ದಾ?” ಎಂದ.

ಹೌದು. ಇಳಿತವಾದ ಹೊತ್ತಿಗೆ ಮಾವ ಕಟ್ಟಿಗೆ, ಭರತದ ಹೊತ್ತಿಗೆ ಸಲೀಸು. ಸಮುದ್ರ ಹಿಂದೆ ಹೋದರೆ ಇವರ ಕಾಲೂ ನಿಲ್ಲುತ್ತಿತ್ತು, ಸಮುದ್ರ ಬಂದರೆ ಕಾಲೂ ಬರುತ್ತಿತ್ತು. ಕೇರಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಒಡ್ಡು ಕಾಯುವ ದೈವ ಜಟಗ ಹಿಡಿದಿದ್ದಾನೆ, ನಲವತ್ತು ವರ್ಷ ಅವನ ಕೆಲಸವನ್ನು ಇವರೇ ಮಾಡಿದರಲ್ಲ, ಈಗ ಬಿಡುತ್ತಿಲ್ಲ ಎಂದರು. ಅತ್ತೆ ಜಟಗನ ಕಲ್ಲಿಗೆ ಕಾಯಿ ಒಡೆಸಿ ಬಂದರು. ನಾನು ಅವರನ್ನು ತಮಾಷೆ ಮಾಡಿದೆ, ಆದರೆ ಒಳಗೊಳಗೇ ಹಾಳೆ ನನ್ನನ್ನು ಕೊರೆಯುತ್ತಿತ್ತು. ಎಷ್ಟು ಸಲ ನೋಡಿದರೂ ಓರೆ ಓರೆಯೇ.

ಕಾರವಾರದಲ್ಲಿ ಡಾಕ್ಟರು ಕೇರಿಯವರ ಮಾತನ್ನೂ ಕೇಳಿಸಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು. “ಇವ್ರು ಮೀನು ತಿಂಬೂದು ಎಷ್ಟೊತ್ತಿಗೆ?”

ಗಣಪು ಹೇಳಿದ. ಇಳಿತದಲ್ಲಿ ಬಲೆ ಎತ್ತುವುದು, ಮೀನು ಮನೆಗೆ ಬರುವುದು, ಬಂದ ಕೂಡಲೇ ಗಂಜಿಯ ಜೊತೆ ಮಾವನ ತಾಟಿಗೆ ಬೀಳುವುದು. ನಲವತ್ತು ವರ್ಷದ ರೂಢಿ. ಅವರ ಊಟದ ಹೊತ್ತು ಸಮುದ್ರದ ಹೊತ್ತು. ಗುಳಿಗೆ? ಗುಳಿಗೆ ಎಂಟು ಗಂಟೆಗೋ ಹನ್ನೆರಡಕ್ಕೋ ಸರಿಯಾಗಿ ಕೊಟ್ಟಿದ್ದಾರೆ. ಆದರೆ ಅದರ ಬೆನ್ನಿಗೇ ತಾಟಿನ ತುಂಬ ಮೀನು ಸೀಗಡಿ. ಡಾಕ್ಟರು ನಕ್ಕರು. ಈ ಗುಳಿಗೆ ಮತ್ತು ಮೀನಿನ ಪ್ರೋಟೀನು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲು ಒಂದೇ, ಮೀನು ಮೊದಲು ನುಗ್ಗಿದರೆ ಗುಳಿಗೆ ಹೊರಗೇ ನಿಲ್ಲುತ್ತದೆ, ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಆಗುತ್ತದೆ ಎಂದು ಬಿಡಿಸಿ ಹೇಳಿದರು. ಗುಳಿಗೆಯನ್ನು ಊಟಕ್ಕಿಂತ ಅರ್ಧ ಗಂಟೆ ಮೊದಲು ಬರೀ ನೀರಿನಲ್ಲಿ ಕೊಡಬೇಕು, ಮೀನು ರಾತ್ರಿಯ ಊಟಕ್ಕೆ ಮಾತ್ರ. “ಜಟಗನ್ನ ಬಿಟ್ಟುಬಿಡಿ ಪಾಪ. ಅವ್ನದೆಂತ ತಪ್ಪಿಲ್ಲ” ಎಂದರು.

ಆ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಕಂಟ್ರೋಲ್ ರೂಮಿನಲ್ಲಿ, ಕಾಲನಿಯ ಕಟ್ಟೆಯ ಮೇಲೆ, ಸಿಕ್ಕಸಿಕ್ಕವರಿಗೆಲ್ಲ ಈ ಕತೆ ಹೇಳಿದೆ. ದೆವ್ವ ದೇವರು ಎನ್ನುವವರಿಗೆ ‘ಮೊದಲು ಮೀನು ಯಾವಾಗ ತಿಂದಿರಿ ಹೇಳಿ’ ಎಂದು ಕೀಟಲೆ ಮಾಡುವುದು ನನ್ನ ಹೊಸ ಚಟವಾಯಿತು. ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಡಾಕ್ಟರರು ಹೇಳಿದ ಪಥ್ಯ ಬೊಬ್ರುವಾಡದಲ್ಲಿ ನಾಲ್ಕು ದಿನ ನಡೆಯಿತು. ಐದನೆಯ ದಿನ ಹಸಿ ಸೀಗಡಿ ಎದುರಿಗಿಟ್ಟುಕೊಂಡು ಅತ್ತೆಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮಾವ ಮತ್ತೆ ಎಡವಿದರು, ಈ ಸಲ ಅಂಗಳದಲ್ಲಿ. ನಾಗವೇಣಿ ಹಟ ಹಿಡಿದಳು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಅಪ್ಪನನ್ನು ಕದ್ರಾದ ನಮ್ಮ ಕ್ವಾರ್ಟರ್ಸಿಗೆ ಕರೆತಂದಳು. ಅಣ್ಣ ಗಣಪುವಿಗೆ ಒಂದೇ ಮಾತು ಹೇಳಿದ್ದಳು: “ಇನ್ನು ಅಪ್ಪ ನನ್ನ ಹತ್ರವೇ. ಆ ಕೆಸರಿಗೆ ನಾ ಅವ್ರನ್ನ ಮತ್ತೆ ಕಳ್ಸೂದಿಲ್ಲ.”

ಆರು, ಹತ್ತು, ಎರಡು, ಮತ್ತೆ ಆರು ಗಂಟೆಗೆ ಗುಳಿಗೆ. ಹಗಲು ಅನ್ನ, ತರಕಾರಿ, ಸಾರು. ಮೀನು ರಾತ್ರಿ ಮಾತ್ರ. ಹಾಳೆ ನಾನೇ ಬರೆಯುತ್ತಿದ್ದೆ. ಕಪ್ಪು ಮನೆಗಳು ಸೈನಿಕರ ಹಾಗೆ ಒಂದರ ಕೆಳಗೊಂದು ನಿಂತವು. ಗುಳಿಗೆ ಹಾಕಿ ಮುಕ್ಕಾಲು ಗಂಟೆಗೆ ಸಡಿಲ, ಮೂರು ಗಂಟೆ ಆಗುತ್ತಿದ್ದಂತೆ ಬಿಗಿ, ಅದರಲ್ಲೂ ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ತೀರ ಕೆಟ್ಟದು. ಆ ಹೊತ್ತಿನಲ್ಲಿ ಅವರನ್ನು ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕು. ಉಳಿದಂತೆ ಕಾಲನಿಯ ಬಸ್‌ಸ್ಟಾಪಿನ ತನಕ ಹೋಗಿ ಬರುತ್ತಿದ್ದರು. ಹೊಸ್ತಿಲ ಹತ್ತಿರ ಮಾತ್ರ ಕಾಲು ಹಿಡಿಯುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಅದನ್ನು ದಾಟುವ ನೆಪದಲ್ಲಿ ಕಾಲು ಎತ್ತುತ್ತಾರೆ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಆಶ್ಚರ್ಯ, ಹಾಗೇ ಆಗುತ್ತಿತ್ತು.

ಆದರೆ ಮಾವ ಮಾತು ಬಿಟ್ಟರು. ಕಾಯಿಲೆಯ ಮೌನವಲ್ಲ ಅದು. ಬೆಳಿಗ್ಗೆ ಎದ್ದು ಒಂದೇ ಪ್ರಶ್ನೆ, “ಇವತ್ ತಿಥಿ ಯಾವ್ದು?” ಉತ್ತರ ಕೇಳಿ ಹೊರಗಿನ ರಸ್ತೆ ನೋಡುತ್ತ ಕೂರುವುದು. ನಮ್ಮಲ್ಲಿ ಭರತ ಇಳಿತ ಯಾವುದೂ ಕಾಣುವುದಿಲ್ಲ. ಕಾಲನಿಯ ಹತ್ತಿರ ಕಾಳಿ ನದಿ ಏರಿದರೆ ಅದು ನಾವು ಅಣೆಕಟ್ಟಿನಿಂದ ನೀರು ಬಿಟ್ಟದ್ದಕ್ಕೆ. ಚೌತಿ ಹತ್ತಿರ ಬಂದಾಗ ಮೊದಲ ಸಲ ಬಾಯಿ ಬಿಟ್ಟು ಕೇಳಿದರು, ಗಣಪತಿ ಕೂರಿಸುವುದಕ್ಕೆ ಮನೆಗೆ ಹೋಗಬೇಕೆಂದು. ಹೋದರೆ ಮತ್ತೆ ತಿರುಗಿ ಬರುವುದಿಲ್ಲ ಎಂದು ನಾಗವೇಣಿಗೆ ಗೊತ್ತಿತ್ತು. ಬೇಡವೆಂದಳು. ಹೇಳಿ ಅಡುಗೆಮನೆಗೆ ಹೋಗಿ ಅತ್ತಳು. ನಾನು ಅವಳ ಪಕ್ಷ. ಹಾಳೆ ಅಷ್ಟು ಚೆನ್ನಾಗಿರುವಾಗ ಅದನ್ನು ಕೆಡಿಸುವುದು ನನಗೂ ಇಷ್ಟವಿರಲಿಲ್ಲ.

ಚೌತಿಯ ಹಿಂದಿನ ದಿನ, ತದಿಗೆ. ಹಬ್ಬದ ದಿನಗಳೆಂದು ಮನೆಯಲ್ಲಿ ಮೀನಿನ ಸುದ್ದಿಯೇ ಇರಲಿಲ್ಲ. ನನಗೆ ರಜೆ. ಮಧ್ಯಾಹ್ನ ಒಂದು ಗಂಟೆಗೆ ಹಾಳೆಯಲ್ಲಿ ‘ಬಿಗಿ’ ಎಂದು ಕಪ್ಪು ತುಂಬಿ, ಜಗಲಿಯ ಮಂಚದ ಮೇಲೆ ಪೇಪರು ಹಿಡಿದು ಅಡ್ಡಾದೆ. ಮಾವ ಅಲ್ಲೇ ನಾಲ್ಕು ಮಾರು ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾಗವೇಣಿ ಒಳಗೆ ಚಕ್ಕುಲಿ ಕರಿಯುತ್ತಿದ್ದಳು. ಹದಿನೈದು ನಿಮಿಷ ಕಳೆದಿರಬೇಕು, ಕುರ್ಚಿ ಹಿಂದೆ ಸರಿದ ಸದ್ದಾಯಿತು.

ಪೇಪರು ಕೆಳಗಿಳಿಸಿದೆ. ಮಾವ ನಿಂತಿದ್ದರು. ಯಾರೂ ಹಿಡಿದಿರಲಿಲ್ಲ. ನಾನು ಏಳುವುದರೊಳಗೆ ಅವರು ಜಗಲಿಯ ಮೂರು ಮೆಟ್ಟಿಲಿಳಿದು ಅಂಗಳದಲ್ಲಿದ್ದರು. ಆ ನಡಿಗೆಯನ್ನು ನಾನು ಮದುವೆಯಾದ ಹೊಸತರಲ್ಲಿ ನೋಡಿದ್ದೆ. ಉದ್ದ ಹೆಜ್ಜೆ, ಬೀಸುವ ಕೈ, ಮುಂದೆ ಚಾಚಿದ ಎದೆ. ಕಾಯಿಲೆ ಶುರುವಾದ ಮೇಲೆ ಅವರ ಬಲಗೈ ನಡೆಯುವಾಗ ಬೀಸಿದ್ದನ್ನು ನಾನು ಕಂಡಿಲ್ಲ. ಅಂದು ಬೀಸುತ್ತಿತ್ತು. ಗೇಟಿನ ಅಡ್ಡಪಟ್ಟಿಯ ಹತ್ತಿರ ಯಾವಾಗಲೂ ಸಿಕ್ಕಿಹಾಕಿಕೊಳ್ಳುವವರು ಅದನ್ನು ನೋಡದೆಯೇ ದಾಟಿದರು. ನಾನು ಗೇಟಿನ ತನಕ ಹೋಗಿ ನಿಂತೆ. ನಿಜ ಹೇಳಬೇಕೆಂದರೆ ಹೆದರಿಕೆಯಾಯಿತು.

ರಸ್ತೆಯಾಚೆ ಮಳೆನೀರಿನ ಕಾಲುವೆ. ಅದರ ದಂಡೆಯಲ್ಲಿ ಅವರು ಕಾಲು ಅಗಲಿಸಿ ನಿಂತು ಬಗ್ಗಿದರು. ಎಡಗಡೆಯಿಂದ ಏನನ್ನೋ ಎರಡೂ ಕೈಯಲ್ಲಿ ಎತ್ತಿ, ಎದುರಿಗೆ ಹಿಡಿದು, ಕೆಳಗೆ ಇಳಿಸಿ, ಪಾದದಿಂದ ಅದುಮಿದರು. ಮತ್ತೆ ಎತ್ತಿದರು, ಇಳಿಸಿದರು, ಅದುಮಿದರು. ಕೈಯಲ್ಲಿ ಏನೂ ಇರಲಿಲ್ಲ. ಜಂತ್ರಡಿಗೆ ಹಲಗೆ ಹಾಕುತ್ತಿದ್ದಾರೆ ಎಂದು ನನಗೆ ಮೂರನೆಯ ಸಲಕ್ಕೆ ಅರ್ಥವಾಯಿತು. ಎಣಿಸುವುದು ನನ್ನ ಚಾಳಿ, ಎಣಿಸಿದೆ. ಐದು ಹಾಕಿದರು. ಆರನೆಯದಕ್ಕೆ ಎಡಗಡೆ ಕೈ ಚಾಚಿ ತಡಕಾಡಿದರು. ಮತ್ತೆ ತಡಕಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಎರಡು ವರ್ಷದಿಂದ ಕೇಳದೇ ಇದ್ದ ದೊಡ್ಡ ದನಿಯಲ್ಲಿ ಕೂಗಿದರು.

“ಮ್ಯಾಲಿನ್ ಹಲ್ಗಿ ಎಲ್ಲೋ? ಯಾರ್ ತೆಗ್ದವ್ರು? ನೀರ್ ಒಳ್ಗೆ ಬತ್ತೇ ಅದೆ!”

ನಾಗವೇಣಿ ಓಡಿ ಬಂದಳು. ಇಬ್ಬರೂ ಸೇರಿ ಅವರ ತೋಳು ಹಿಡಿದೆವು. ಹಿಡಿಯುತ್ತಿದ್ದಂತೆಯೇ ಅವರ ಮೈ ಬಿಗಿಯಿತು. ಒಂದು ಹೆಜ್ಜೆ ಇಡಲಾಗಲಿಲ್ಲ. ಪಕ್ಕದ ಮನೆಯವರ ಸಹಾಯದಿಂದ ಕುರ್ಚಿಯಲ್ಲಿ ಕೂರಿಸಿ ಎತ್ತಿ ತರಬೇಕಾಯಿತು. ಆದರೂ ಸಣ್ಣ ದನಿಯಲ್ಲಿ ಒಂದೇ ಸಮನೆ, “ಪೋನ್ ಮಾಡು ತಮ್ಮಾ, ಗಣಪುಗೆ ಪೋನ್ ಮಾಡು” ಎನ್ನುತ್ತಿದ್ದರು. ಗುಳಿಗೆಗಳು ಹೆಚ್ಚಾದರೆ ಇಲ್ಲದ್ದು ಕಾಣಿಸುವುದುಂಟು ಎಂದು ಡಾಕ್ಟರು ಎಚ್ಚರಿಸಿದ್ದರು. ಅದೇ ಇದು ಎಂದುಕೊಂಡೆ. ಅವರ ಸಮಾಧಾನಕ್ಕೆಂದು ಬೊಬ್ರುವಾಡಕ್ಕೆ ಫೋನು ಹಚ್ಚಿದೆ. ಅತ್ತೆ ಎತ್ತಿದರು. ನಾನು ನಾಚಿಕೊಂಡೇ ಹೇಳಿದೆ, ಮಾವ ಹೀಗನ್ನುತ್ತಿದ್ದಾರೆ, ಜಂತ್ರಡಿ ಒಂದು ಸಲ ನೋಡಿಬಿಡಿ ಎಂದು. “ಗಣಪು ಹಲ್ಗಿ ಹಾಕಿಟ್ಟೇ ಪ್ಯಾಟಿಗೆ ಗಣಪ್ತಿ ತರೂಕೆ ಹೋಗಾನೆ. ಎಂತ ಆಗ್ತದೆ?” ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಆದರೂ ಗಂಡ ಹೇಳಿಕಳಿಸಿದ್ದೆಂದು ಅವರು ಒಡ್ಡಿಗೆ ಹೋದರು.

ಮೂರು ಗಂಟೆಯ ಸುಮಾರಿಗೆ ಫೋನು ಬಂತು. ಈ ಸಲ ಗಣಪು. ಅವನಿಗೆ ಏದುಸಿರು.

“ಭಾವ, ನಿಮಗ್ ಯಾರ್ ಹೇಳಿರು?”

“ಎಂತದು?”

“ಮ್ಯಾಲಿನ್ ಹಲ್ಗಿ ಎದ್ದು ತೇಲ್ಕಂಡ್ ಹೋಗಿತ್ತು. ಬೆಣೆ ಹೊಡ್ಯೂಕೆ ನಾ ಮರ್ತಿದ್ದೆ, ಹಬ್ಬದ ಗಡಿಬಿಡಿಲಿ. ಬರ್ತಿ ನೀರು ಮ್ಯಾಲಿಂದ ಸುರೀತಿತ್ತು. ಅಬ್ಬೆ ಕೂಗಿ ಕೇರಿಯವ್ರನ್ನ ಕರ್ದಿರು, ಮಣ್ಣಿನ ಚೀಲ ಹಾಕಿ ನಿಲ್ಸ್ದ್ರು. ಎರಡು ಗದ್ದೆಗೆ ಉಪ್ಪು ಹತ್ತದೆ, ಉಳದದ್ದು ಉಳೀತು. ಭತ್ತ ಹೊಡೆಲಿತ್ತು ಭಾವ, ತೆನೆ ಹೊರಗ್ ಬರೂ ಹೊತ್ತು, ಇನ್ನರ್ಧ ತಾಸು ಆಗಿದ್ರೆ ಎಲ್ಲಾ ಹೋಗ್ತಿತ್ತು. ನಿಮಗ್ ಯಾರ್ ಹೇಳಿರು?”

ನಾನು ರಿಸೀವರ್ ಕೆಳಗಿಟ್ಟೆ. ನಾಗವೇಣಿ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಒಳಗೆ ಹೋಗಿ ಅಪ್ಪನ ಚೀಲ ತೆಗೆದು ಪಂಚೆ, ಅಂಗಿ, ಗುಳಿಗೆಯ ಡಬ್ಬಿ ತುಂಬತೊಡಗಿದಳು. ಇದು ಕಾಕತಾಳೀಯ ಇರಬಹುದು, ಅವಸರ ಮಾಡಬೇಡ ಎಂದೆ. ಅವಳು ತಲೆ ಎತ್ತಲಿಲ್ಲ. “ಇರ್ಲಿ. ಇಲ್ಲಿ ಕುಂತು ಗೋಡೆ ನೋಡೂದು ಸಾಕು ಅವ್ರಿಗೆ” ಎಂದಳು.

ಚೌತಿಯ ದಿನ ಬೆಳಗಿನ ಬಸ್ಸಿಗೆ ಕಾರವಾರ, ಅಲ್ಲಿಂದ ಅಂಕೋಲೆ. ಬಸ್ಸು ಹತ್ತಿಸಲು ಮೂವರು ಬೇಕಾದರು. ಪೂಜೆ ಮುಗಿದ ಮೇಲೆ ಮಾವ ಒಡ್ಡಿಗೆ ಕರೆದೊಯ್ಯಲು ಹೇಳಿದರು. ಕುರ್ಚಿಯಲ್ಲಿ ಹೊತ್ತುಕೊಂಡು ಹೋದೆವು. ಆರನೆಯ ಹಲಗೆಯ ಬೆಣೆಯನ್ನು ನೋಡಿ ಗಣಪುವಿಗೆ ನಾಲ್ಕು ಬೈದರು. ಅವನು ತಲೆ ಕೆರೆದುಕೊಂಡು ಮನೆಯ ಕಡೆ ಹೋದ. ನಾವಿಬ್ಬರೇ ಉಳಿದಾಗ ಕೇಳಿದೆ, ನಿನ್ನೆ ಎದ್ದದ್ದು ಹೇಗೆ, ನಿಮಗೆ ಏನು ಕಂಡಿತು, ಏನು ಕೇಳಿಸಿತು ಎಂದು. ತಮ್ಮ ಕಾಲುಗಳನ್ನು ನೋಡುತ್ತ ಹೇಳಿದರು.

“ಕಾಣ್ಲೂ ಇಲ್ಲ, ಕೇಳ್ಲೂ ಇಲ್ಲ. ನಾ ಎದ್ದವ್ನೇ ಅಲ್ಲ ಮಾರಾಯ. ಕಾಲು ಎದ್ವು. ಇವು ಎಲ್ಲಿಗ್ ಹೋಗ್ತ್ವು ನೋಡ್ವ ಹೇಳಿ ನಾ ಹಿಂದಿಂದ ಹೋದೆ.”

ಮುಂದಿನ ತಿಂಗಳು ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಮರಗಟ್ಟಿ ಕೂತ ರೋಗಿ ಮನೆಗೆ ಬೆಂಕಿ ಬಿದ್ದರೆ ಎದ್ದು ಓಡುವುದುಂಟು, ಮಿದುಳಿಗೆ ಇನ್ನೊಂದು ಹಳೆಯ ದಾರಿ ಇದ್ದೀತು, ತುರ್ತು ಬಂದಾಗ ಅದು ತೆರೆದುಕೊಂಡೀತು ಎಂದರು. ತದಿಗೆಯ ಭರತ ದೊಡ್ಡದು, ಅದು ಮಧ್ಯಾಹ್ನ ಒಂದು ದಾಟಿದ ಮೇಲೆ ತುಂಬುತ್ತದೆ ಎಂದು ಮಾವನಿಗೆ ಗೊತ್ತಿತ್ತು, ಬೆಳಿಗ್ಗೆ ತಿಥಿ ಕೇಳಿಯೇ ಇದ್ದರಲ್ಲ. ಹಬ್ಬದ ದಿನ ಮಗ ಬೆಣೆ ಮರೆತಾನು ಎಂದೂ ಅ‍ಪ್ಪನಿಗೆ ಗೊತ್ತಿದ್ದೀತು. ಇವನ್ನೆಲ್ಲ ನಾನೇ ಡಾಕ್ಟರರಿಗೆ ಒಂದೊಂದಾಗಿ ಹೇಳಿದೆ. “ಹಾಗಾದ್ರೆ ನಿಮಗೆ ಸಮಾಧಾನ ಆತಲ್ಲ?” ಎಂದು ಕೇಳಿದರು. ಆಗಲಿಲ್ಲ. ಭತ್ತದ ಮೂರು ತಿಂಗಳಲ್ಲಿ ಅಂಥ ದೊಡ್ಡ ಭರತಗಳು ಎಷ್ಟೋ ಬಂದು ಹೋದವು. ಆ ಯಾವ ದಿನವೂ ಏಳದವರು, ಬೆಂಕಿ ಮೂವತ್ತು ನಲವತ್ತು ಮೈಲಿ ಆಚೆ ಬಿದ್ದಿದ್ದ ಆ ಒಂದು ದಿನವೇ ಎದ್ದರು. ಡಾಕ್ಟರು ಗುಳಿಗೆಯ ಚೀಟಿ ಬರೆದುಕೊಟ್ಟು, “ಎದ್ದದ್ದು ನಾ ನಂಬ್ತೆ. ಯಾಕೆ ಅಂತ ಮಾತ್ರ ಕೇಳ್ಬೇಡಿ” ಎಂದರು.

ಮಾವ ಬೊಬ್ರುವಾಡದಲ್ಲೇ ಉಳಿದರು. ವಿಶೇಷವೆಂದರೆ ಪಥ್ಯವನ್ನು ಈಗ ತಾವೇ ಪಾಲಿಸಿದರು. ಗುಳಿಗೆ ಗಡಿಯಾರದ ಪ್ರಕಾರ, ಮೀನು ರಾತ್ರಿಗೆ, ಒಡ್ಡಿಗೆ ಹೋಗುವುದು ಗಣಪುವಿನ ಕೈ ಹಿಡಿದು. ಮೂರು ವರ್ಷ ಚೆನ್ನಾಗಿಯೇ ಇದ್ದರು. ನಾಲ್ಕನೆಯ ವರ್ಷ ಹಾಸಿಗೆ ಹಿಡಿದರು. ಗುಳಿಗೆ ಹೆಚ್ಚಿಸಿದರೆ ಮೈ ತಿರುಚುತ್ತಿತ್ತು, ತಗ್ಗಿಸಿದರೆ ಕಲ್ಲಾಗುತ್ತಿತ್ತು.

ಆ ಮಳೆಗಾಲದಲ್ಲಿ ನಾವು ಅಲ್ಲಿದ್ದಾಗಲೇ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಹುಣ್ಣಿಮೆ ಕಳೆದ ಎರಡನೆಯ ದಿನ, ದೊಡ್ಡ ಭರತ. ಜಂತ್ರಡಿಯ ಪಕ್ಕದ ಒಡ್ಡೇ ಬಾಯಿಬಿಟ್ಟಿತು. ನಾಗವೇಣಿ, ಅತ್ತೆ, ಗಣಪು ಎಲ್ಲರೂ ಬುಟ್ಟಿ ಗುದ್ದಲಿ ಹಿಡಿದು ಓಡಿದರು. ಮಾವನ ಹತ್ತಿರ ಒಬ್ಬರು ಬೇಕಲ್ಲ ಎಂದು ನನ್ನನ್ನು ಬಿಟ್ಟು ಹೋದರು. ಬೇಕೆಂದೇ ಉಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಮಂಚದ ಕಾಲಕಡೆ ಸ್ಟೂಲು ಎಳೆದುಕೊಂಡು ಕೂತು, ಹೊದಿಕೆ ಸರಿಸಿ, ಅವರ ಎರಡು ಕಾಲುಗಳನ್ನೇ ನೋಡತೊಡಗಿದೆ. ಹೊರಗೆ ಕೂಗಾಟ ಕೇಳಿಸುತ್ತಿತ್ತು. ಒಣಗಿದ ಆ ಕಾಲುಗಳಲ್ಲಿ ಒಂದು ಬೆರಳೂ ಅಲುಗಲಿಲ್ಲ. ಮುದುಕರೊಬ್ಬರು ನರಳುತ್ತಿರುವಾಗ ನಾನು ಏನನ್ನು ಕಾಯುತ್ತಿದ್ದೇನೆ ಎಂದು ನಾಚಿಕೆಯಾಯಿತು.

ಮಾವ ಕಣ್ಣು ತೆರೆದು ನನ್ನನ್ನು ನೋಡಿದರು. ತುಟಿಯ ಹತ್ತಿರ ಕಿವಿ ಇಟ್ಟಾಗ ಕೇಳಿಸಿತು. “ಕಾಯ್ಬೇಡ ತಮ್ಮಾ. ಅವು ಈಗ ನನ್ ಕೂಡೆ ಮಾತಾಡೂದಿಲ್ಲ.”

ಹೊದಿಕೆ ಮುಚ್ಚಿದೆ. ಆದರೂ ಭರತ ಇಳಿಯುವ ತನಕ ಅಲ್ಲಿಂದ ಏಳಲು ನನಗೆ ಆಗಲಿಲ್ಲ.